ಒಂಟಿ ಕೂದಲಿನ ಬಟ್ಟಲು

೮ ಮಾರ್ಚ್ ೨೦೦೪, ಸೋಮವಾರ

ನಮ್ಮ ಯಜಮಾನರಿಗೆ ಇನ್ಶೂರೆನ್ಸ್ ಆಫೀಸಿನಲ್ಲಿ ಕೊಟ್ಟ ಡೈರಿ ಎರಡು ತಿಂಗಳಿಂದ ಟಿ.ವಿ. ಮೇಲೆ ಧೂಳು ತಿನ್ನುತ್ತ ಬಿದ್ದಿತ್ತು. ಇಂದು ನನಗೆ ಸಿಟ್ಟು ಬಂದಿದೆ, ಅದನ್ನು ಎಲ್ಲಾದರೂ ಇಳಿಸಬೇಕು. ಇವರ ಹತ್ತಿರ ಇಳಿಸಲು ಹೋದರೆ "ಮೊದ್ಲು ಕಾಫಿ ಕುಡಿ ಕಲಾವತಿ" ಎಂದು ಬಾಯಿ ಮುಚ್ಚಿಸುತ್ತಾರೆ. ಆದ್ದರಿಂದ ಈ ಡೈರಿ.

ಕ್ಲಿನಿಕ್ಕಿಗೆ ಮೈಕ್ರೋಸ್ಕೋಪು ಬಂದಿದೆ. ಡಾಕ್ಟರ್ ಅರುಣಾಚಲಂ ಅದನ್ನು ತಾವೇ ಬಿಚ್ಚಿ, ಒರೆಸಿ, ನನ್ನನ್ನು ಒಂದು ಮಾತೂ ಕೇಳದೆ ನನ್ನ ಮೇಜಿನ ಮೇಲೆ ಇಟ್ಟುಬಿಟ್ಟರು. ಇನ್ನು ಮುಂದೆ ಇದರಲ್ಲೇ ನೋಡಿ ಕತ್ತರಿಸಬೇಕಂತೆ.

ಹನ್ನೆರಡು ವರ್ಷದಿಂದ ನಾನು ಬರಿಗಣ್ಣಿನಲ್ಲೇ ಕತ್ತರಿಸುತ್ತಿದ್ದೇನೆ. ಬೋಳಾದವರ ಹಿಂದಲೆಯಿಂದ ಡಾಕ್ಟರು ಬೆರಳಗಲದ ಚರ್ಮದ ಪಟ್ಟಿಯನ್ನು ಕೂದಲಿನ ಬೇರು ಸಮೇತ ತೆಗೆದು, ಗಾಯ ಹೊಲಿದು, ಪಟ್ಟಿಯನ್ನು ನನಗೆ ಕೊಡುತ್ತಾರೆ. ಅಡಿಯಿಂದ ಬೆಳಕು ಬರುವ ಗಾಜಿನ ಪೆಟ್ಟಿಗೆಯ ಮೇಲೆ ಅದನ್ನಿಟ್ಟು ಬ್ಲೇಡಿನಿಂದ ಸೀಳುವುದು ನನ್ನ ಕೆಲಸ. ಕೂದಲು ಹುಟ್ಟುವುದೇ ಗುಂಪಾಗಿ. ಒಂದು ಗೂಡಿನಲ್ಲಿ ಒಂದೇ ಇರುತ್ತದೆ, ಪಕ್ಕದ್ದರಲ್ಲಿ ಎರಡು, ಕೆಲವು ಗೂಡಿನಲ್ಲಿ ಮೂರು. ಗೂಡು ಒಡೆಯದಂತೆ, ಬೇರಿಗೆ ಬ್ಲೇಡು ತಾಗದಂತೆ ಬಿಡಿಸಿ, ಬೇರೆ ಬೇರೆ ಬಟ್ಟಲುಗಳ ತಣ್ಣಗಿನ ಸಲೈನ್ ನೀರಿನಲ್ಲಿ ಹಾಕಬೇಕು. ಹಣೆಯ ಅಂಚಿಗೆ ಒಂಟಿ ಕೂದಲೇ ಹೋಗಬೇಕು. ಅಲ್ಲಿ ಜೋಡಿ ನೆಟ್ಟರೆ ಮನುಷ್ಯರ ಹಣೆ ಹೋಗಿ ಹಲ್ಲುಜ್ಜುವ ಬ್ರಷ್ಷಾಗುತ್ತದೆ.

ಇಷ್ಟು ವರ್ಷ ಯಾರ ಹಣೆಯೂ ಬ್ರಷ್ಷಾಗಿಲ್ಲ. ಈಗ ನನಗೆ ಯಂತ್ರ ಬೇಕೆ? ಅದಕ್ಕೆ ಬಟ್ಟೆ ಮುಚ್ಚಿ ಮೂಲೆಗೆ ಸರಿಸಿದ್ದೇನೆ. ಕುತ್ತಿಗೆ ನೋವು ಬರುತ್ತದೆ ಎಂದು ಡಾಕ್ಟರಿಗೆ ಹೇಳಿದೆ.

ಸಿಟ್ಟಿಗೆ ಇನ್ನೊಂದು ಕಾರಣ ಪಾವನಾ. ಅರಸೀಕೆರೆ ಕಡೆಯವಳು, ಗಂಡನಿಗೆ ಬ್ಯಾಂಕಿನಲ್ಲಿ ಈ ತಮಿಳು ಊರಿಗೆ ವರ್ಗವಾಗಿ ಡಿಸೆಂಬರಿನಲ್ಲಿ ನಮ್ಮಲ್ಲಿ ಸೇರಿದ ನರ್ಸು. ಡಾಕ್ಟರು ಸೂಜಿಯಿಂದ ಮಾಡಿದ ಸಣ್ಣ ಸೀಳುಗಳೊಳಗೆ ಚಿಮುಟದಿಂದ ಒಂದೊಂದೇ ಬೇರನ್ನು ಕೂರಿಸುವುದು ಅವಳ ಕೆಲಸ. ಕೈ ಮೃದುವಾಗಿದೆ, ಆದರೆ ನಿಧಾನವೆಂದರೆ ನಿಧಾನ. ನನ್ನ ಬಟ್ಟಲಿನಿಂದ ಎತ್ತಿದ ಪ್ರತಿಯೊಂದನ್ನೂ ದೀಪಕ್ಕೆ ಹಿಡಿದು ನೋಡುತ್ತಾಳೆ. ಇಂದು ಮೈಕ್ರೋಸ್ಕೋಪು ನೋಡಿ ಅವಳ ಮುಖ ಅರಳಿದ್ದೇ ಅರಳಿದ್ದು.

೧೪ ಮಾರ್ಚ್, ಭಾನುವಾರ

ನೀರಿನ ಲಾರಿ ಹತ್ತು ಗಂಟೆಗೆ ಬಂತು. ಪೆರಂಬೂರಿನ ಅಷ್ಟೂ ಬಿಂದಿಗೆಗಳು ನಮ್ಮ ಬೀದಿಯಲ್ಲೇ ಇದ್ದ ಹಾಗಿತ್ತು. ಆರು ತುಂಬಿಸಿಕೊಂಡೆ.

ಮಧ್ಯಾಹ್ನ ಇವರ ಅಂಗಿಗೆ ಗುಂಡಿ ಹಾಕಲು ಕೂತರೆ ಸೂಜಿಗೆ ದಾರ ಹೋಗಲೊಲ್ಲದು. ಬಲ್ಬು ಮಂಕಾಗಿದೆ, ಬದಲಾಯಿಸಿ ಎಂದೆ. ಇವರು ತಮ್ಮ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕಿಟಕಿಯಿಂದ ಬೀಳುತ್ತಿದ್ದ ಬಿಸಿಲನ್ನು ಒಮ್ಮೆ ನೋಡಿ, "ಸೂರ್ಯನ್ನೇ ಬದಲಾಯಿಸ್ಬೇಕಾಗತ್ತೇನೋ" ಎಂದರು. ಗುಂಡಿ ಹಾಕದೆ ಅಂಗಿಯನ್ನು ಹಾಗೇ ಕೊಟ್ಟೆ. ನಾಳೆ ಹಾಗೇ ಹೋಗಲಿ ಆಫೀಸಿಗೆ.

೧೭ ಮಾರ್ಚ್, ಬುಧವಾರ

ಇಂದು ಬಂದವಳು ಹೆಂಗಸು. ನಮ್ಮಲ್ಲಿ ಅಪರೂಪ. ಹೆಸರು ವಿಮಲಾ, ಇಪ್ಪತ್ತೊಂಬತ್ತು ವರ್ಷ, ವೇಲಚೇರಿಯಲ್ಲಿ ಮನೆ, ಕನ್ನಡ ಶಾಲೆಯಲ್ಲಿ ಲೆಕ್ಕದ ಟೀಚರು. ನಾನೂ ಕನ್ನಡದವಳೆಂದು ಗೊತ್ತಾದ ಕೂಡಲೇ ಡಾಕ್ಟರನ್ನು ಬಿಟ್ಟು ನನ್ನ ಕಡೆಗೇ ತಿರುಗಿ ಕೂತಳು.

ನಾಲ್ಕು ವರ್ಷದವಳಿದ್ದಾಗ ಅನ್ನ ಬಸಿಯುವ ಹೊತ್ತಿಗೆ ಅಡಿಗೆಮನೆಗೆ ಓಡಿಬಂದು ಬಿಸಿ ಗಂಜಿ ತಲೆಯ ಮೇಲೆ ಬಿತ್ತಂತೆ. ಎಡಗಡೆ ಹಣೆಯ ಮೇಲೆ ಮೂರು ಬೆರಳಗಲ ಕೂದಲೇ ಇಲ್ಲ, ಹೊಳೆಯುವ ಚರ್ಮ. ಬಲಗಡೆಯ ಕೂದಲನ್ನು ತಂದು ಅದರ ಮೇಲೆ ಮುಚ್ಚಿ ಪಿನ್ನು ಹಾಕಿದ್ದಾಳೆ.

"ಬಸ್ಸಲ್ಲಿ ನಾನು ಯಾವತ್ತೂ ಕಿಟಕಿ ಪಕ್ಕ ಕೂತಿಲ್ಲ ಅಕ್ಕಾ. ಗಾಳಿ ಬಂದ್ರೆ ಎಲ್ಲಾ ಎದ್ದುಬಿಡತ್ತೆ. ಒಂದೇ ಒಂದ್ಸಲ ಬಿಗಿಯಾಗಿ ಜಡೆ ಹಾಕ್ಕೊಂಡು, ಕಿಟಕಿ ಪಕ್ಕ ಕೂತು ಸ್ಕೂಲಿಗೆ ಹೋಗ್ಬೇಕು."

ಡಾಕ್ಟರು ಪರೀಕ್ಷಿಸಿ ಹೇಳಿದರು: ಸುಟ್ಟ ಚರ್ಮದಲ್ಲಿ ರಕ್ತ ಕಡಿಮೆ, ಒತ್ತಾಗಿ ನೆಡುವಂತಿಲ್ಲ. ಒಂದು ಸಲ ಕೆಟ್ಟರೆ ಕಿತ್ತು ಮತ್ತೆ ನೆಡಲು ಆ ಚರ್ಮ ತಾಳುವುದಿಲ್ಲ. ಅಂಚಿಗೆ ಬರೀ ಒಂಟಿ ಕೂದಲು. ಹೀಗೆಂದು ನನ್ನ ಮುಖ ನೋಡಿದರು. ನಾನು ವಿಮಲಾಳ ಕೈ ಹಿಡಿದು, "ನಾನೇ ಕತ್ತರಿಸ್ತೀನಮ್ಮಾ, ಕವಲೆಪಡಬೇಡ" ಎಂದೆ. ಚಿಂತೆ ಎನ್ನಬೇಕಿತ್ತು, ಬಾಯಿಗೆ ತಮಿಳು ಬಂತು. ಅವಳು ನಕ್ಕಳು.

೨೪ ಮಾರ್ಚ್, ಬುಧವಾರ

ವಿಮಲಾಳ ಆಪರೇಷನ್ ಮುಗಿಯಿತು. ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಎರಡೂವರೆ.

ಡಾಕ್ಟರು ಕೇಳಿದರು, ಇವತ್ತಾದರೂ ಮೈಕ್ರೋಸ್ಕೋಪು? ಹೊಸ ಯಂತ್ರದ ಮೇಲೆ ಕೈ ಪಳಗಿಸಲು ಇವಳ ಹಣೆಯೇ ಬೇಕಾ ಎಂದೆ. ನ್ಯಾಯವಾದ ಮಾತೇ ಅಲ್ಲವೆ? ಅವರು ಗ್ಲೌಸು ಹಾಕಿಕೊಳ್ಳಲು ಹೋದರು.

ತಲೆ ಮರಗಟ್ಟಿದ್ದರಿಂದ ವಿಮಲಾಳಿಗೆ ನೋವಿಲ್ಲ. ಆರು ಗಂಟೆ ಮಾತಾಡಿದಳು. ಅವಳ ಶಾಲೆಯ ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುವುದು, ಹೆಡ್‌ಮಿಸ್ಸಿನ ಗೊರಕೆ, ಎಲ್ಲ. ನಾನು ಗಾಜಿನ ಪೆಟ್ಟಿಗೆಗೆ ಕವುಚಿಕೊಂಡು ಸೀಳುತ್ತಿದ್ದೆ. ಅವಳ ಕೂದಲು ತೀರ ನಯ. ಕಣ್ಣಲ್ಲಿ ನೀರು ಬರುವವರೆಗೆ ನೋಡಿ ನೋಡಿ ಒಂಟಿಯವನ್ನು ಬೇರೆ ಮಾಡಿದೆ.

ಪಾವನಾ ಇಂದು ತಾಳ್ಮೆಯನ್ನೇ ಪರೀಕ್ಷೆ ಮಾಡಿಬಿಟ್ಟಳು. "ಅಕ್ಕಾ, ಲೈಟ್ ಇನ್ನೂ ಸ್ವಲ್ಪ ಹತ್ರ ತರ್ಲಾ?" ಎಂದು ನನ್ನನ್ನೇ ಕೇಳಿದಳು. ಆಮೇಲೆ ಒಂಟಿ ಕೂದಲಿನ ಬಟ್ಟಲನ್ನು ಎತ್ತಿಕೊಂಡು ಆ ಮೈಕ್ರೋಸ್ಕೋಪಿನ ಹತ್ತಿರ ಹೋಗಿ, ಬಟ್ಟೆ ತೆಗೆದು, ಇಣುಕುತ್ತ ನಿಂತಳು. ಒಂದು ಸಲವಲ್ಲ, ನಾಲ್ಕು ಸಲ.

"ಏನಮ್ಮಾ, ಅದೇನು ಆಟದ ಸಾಮಾನಾ?" ಎಂದೆ.

"ಇಲ್ಲಕ್ಕಾ, ಸುಮ್ನೆ ಕಲ್ತ್ಕೋಣಾಂತ."

ಒಬ್ಬಳು ತಲೆ ಸೀಳಿಸಿಕೊಂಡು ಮಲಗಿರುವಾಗ ಇವಳಿಗೆ ಕಲಿಯುವ ಹೊತ್ತು! ಬೇರು ಮೈಯಿಂದ ಹೊರಗಿರುವ ಒಂದೊಂದು ನಿಮಿಷವೂ ನಷ್ಟ. ಡಾಕ್ಟರೂ "ಟೈಮ್ ಆಚ್ಚು, ಟೈಮ್ ಆಚ್ಚು" ಎಂದು ಅವಸರ ಮಾಡಿದರು. ಅವಳಿಗೆ ಬೈಗುಳ ಬಿತ್ತು. ನನಗೆ ಸಮಾಧಾನವೇ ಆಯಿತು, ಸುಳ್ಳೇಕೆ ಹೇಳಲಿ.

೨೫ ಮಾರ್ಚ್, ಗುರುವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ನೆಟ್ಟು ಉಳಿದ ಬೇರುಗಳನ್ನು ನಾವು ಮೂರು ದಿನ ಫ್ರಿಜ್ಜಿನಲ್ಲಿ ಇಡುವುದು ರೂಢಿ. ಮೊದಲ ಸಲ ತಲೆ ತೊಳೆಯುವಾಗ ಯಾವುದಾದರೂ ಜಾರಿದರೆ ಇರಲಿ ಎಂದು. ಬೆಳಗ್ಗೆ ನಾನೇ ಮೊದಲು ಬಂದೆ. ವಿಮಲಾಳ ಒಂಟಿ ಕೂದಲಿನ ಬಟ್ಟಲಿನಲ್ಲಿ ಹನ್ನೊಂದು ಉಳಿದಿದ್ದವು, ಎಲ್ಲವೂ ಬಟ್ಟಲಿನ ಒಂದೇ ಅಂಚಿಗೆ ಸೇರಿಕೊಂಡಿದ್ದವು. ಯಾರೂ ಇಲ್ಲವಲ್ಲ, ಈ ಯಂತ್ರದಲ್ಲಿ ಅಂಥದ್ದೇನು ಕಾಣುತ್ತದೆ ನೋಡೋಣ ಎಂದು ಬಟ್ಟಲನ್ನು ಅದರ ಕೆಳಗೆ ಇಟ್ಟೆ.

ಮೊದಲನೆಯದರಲ್ಲಿ ಎರಡು ಕೂದಲು. ಒಂದು ಕಪ್ಪು, ಪಕ್ಕಕ್ಕೆ ಅಂಟಿಕೊಂಡು ಇನ್ನೊಂದು, ತೆಳ್ಳಗೆ, ಬಣ್ಣವೇ ಇಲ್ಲದ್ದು. ಎರಡನೆಯದರಲ್ಲೂ ಎರಡು. ಮೂರನೆಯದರಲ್ಲೂ. ಹನ್ನೊಂದಕ್ಕೆ ಹನ್ನೊಂದೂ ಜೋಡಿ.

ಬರಿಗಣ್ಣಿನಲ್ಲಿ ಮತ್ತೆ ನೋಡಿದೆ. ಒಂಟಿಯೇ. ಕೈ ದೂರ ಮಾಡಿ ನೋಡಿದೆ, ಹತ್ತಿರ ತಂದು ನೋಡಿದೆ. ಒಂಟಿಯೇ ಕಾಣುತ್ತದೆ ನನ್ನ ಕಣ್ಣಿಗೆ.

ಉಳಿದದ್ದರಲ್ಲಿ ಒಂದೂ ಸರಿಯಿಲ್ಲ ಎಂದಮೇಲೆ ನೆಟ್ಟದ್ದರಲ್ಲಿ ಏನು ಸರಿಯಿರುತ್ತದೆ? ನೂರಾ ಎಂಬತ್ತು ನೆಟ್ಟಿದ್ದೇವೆ ಅವಳ ಹಣೆಯ ಅಂಚಿಗೆ. ಆ ಚರ್ಮದಿಂದ ಕೀಳುವಂತೆಯೂ ಇಲ್ಲ.

ನಾನೇ ಕತ್ತರಿಸ್ತೀನಮ್ಮಾ, ಎಂದಿದ್ದೆ.

೨೬ ಮಾರ್ಚ್, ಶುಕ್ರವಾರ

ಡಾಕ್ಟರಿಗೆ ಹೇಳಲಿಲ್ಲ.

೨೭ ಮಾರ್ಚ್, ಶನಿವಾರ

ವಿಮಲಾ ತಲೆ ತೊಳೆಸಿಕೊಳ್ಳಲು ಬಂದಳು. ಒಂದೂ ಜಾರಲಿಲ್ಲ. ಸೀಳುಗಳ ಮೇಲೆ ಸಣ್ಣ ಹಕ್ಕಳೆ ಕಟ್ಟಿದೆ, ಊತದಲ್ಲಿ ಏನೂ ತಿಳಿಯುವುದಿಲ್ಲ. ಬೇರುಗಳನ್ನು ನಾವು ನೆಡುವುದೇ ಗಿಡ್ಡವಾಗಿ ಕತ್ತರಿಸಿ. ಮೂರು ವಾರಕ್ಕೆ ಆ ಗಿಡ್ಡ ಕೂದಲೂ ಉದುರಿಹೋಗುತ್ತದೆ, ಬೇರು ಮಾತ್ರ ಒಳಗೆ ನಿದ್ದೆ ಮಾಡಿ ನಾಲ್ಕನೆಯ ತಿಂಗಳಿಗೆ ಹೊಸದಾಗಿ ಚಿಗುರುತ್ತದೆ. ಅಂದರೆ ಜುಲೈವರೆಗೆ ನನ್ನ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ.

ಅವಳು ಡಬ್ಬಿ ತುಂಬ ಕೋಡುಬಳೆ ತಂದಿದ್ದಳು, ಅವಳಮ್ಮ ಮಾಡಿದ್ದು. "ನಿಮ್ಗೇಂತ್ಲೇ ಕಳ್ಸಿದ್ದು, ನಿಮ್ ಕೈಗೆ" ಎಂದಳು. ಅದನ್ನು ಪಾವನಾಳಿಗೆ ಕೊಟ್ಟೆ.

೫ ಏಪ್ರಿಲ್, ಸೋಮವಾರ

ಮೈಕ್ರೋಸ್ಕೋಪಿನ ಬಟ್ಟೆಯನ್ನು ನಾನೇ ತೆಗೆದೆ. ಪಾವನಾಳನ್ನು ಕರೆದು, "ಇದು ಹೇಗಮ್ಮಾ, ಹೇಳ್ಕೊಡು" ಎಂದೆ. ಅವಳು ಗೇಲಿ ಮಾಡುತ್ತಾಳೆಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಅವಳು ಕುರ್ಚಿಯ ಎತ್ತರ ಸರಿಮಾಡಿದಳು, ನನ್ನ ಕುತ್ತಿಗೆಯ ಹಿಂದೆ ಒಂದು ಟವೆಲು ಮಡಚಿ ಇಟ್ಟಳು. "ಈ ಗುಂಡಿ ತಿರುಗ್ಸಿ ಅಕ್ಕಾ. ನಿಮ್ಮ ಕಣ್ಣಿಗೆ ಎಲ್ಲಿ ಸ್ಪಷ್ಟ ಆಗತ್ತೋ ಅಲ್ಲಿ ನಿಲ್ಸಿ. ಒಬ್ಬೊಬ್ರಿಗೆ ಒಂದೊಂದು ಕಡೆ."

ತಿರುಗಿಸಿದೆ. ದೇವರೇ! ಬೇರಿನ ಗೆಡ್ಡೆ, ಅದರ ಸುತ್ತ ಕೊಬ್ಬಿನ ಹಳದಿ, ಎಣ್ಣೆಯ ಚೀಲ, ಎಲ್ಲವೂ ಅಂಗೈಯಲ್ಲಿ ಇದ್ದ ಹಾಗೆ ಕಾಣಿಸಿತು. ಇಪ್ಪತ್ತು ವರ್ಷದ ಹಿಂದೆ ನನಗಿದ್ದ ಕಣ್ಣು ಆ ಕೊಳವೆಯೊಳಗೆ ಕೂತಿತ್ತು. ನನ್ನ ವಯಸ್ಸು ಬಯಲಾಗುತ್ತದೆಂದು ಯಾವುದಕ್ಕೆ ಹೆದರಿ ಬಟ್ಟೆ ಮುಚ್ಚಿದ್ದೆನೋ, ಅದಕ್ಕೆ ನನ್ನ ವಯಸ್ಸಿನ ಗೊಡವೆಯೇ ಇಲ್ಲ.

ಹದಿನೈದು ದಿನ ಮೊದಲು ತಿರುಗಿಸಿದ್ದರೆ ಏನಾಗುತ್ತಿತ್ತು ನನಗೆ?

೧೬ ಏಪ್ರಿಲ್, ಶುಕ್ರವಾರ

ವಿಮಲಾ ಫೋನಿನಲ್ಲಿ ಅತ್ತಳು. ದಿಂಬಿನ ಮೇಲೆಲ್ಲ ಚೂರು ಕೂದಲಂತೆ. ಉದುರಲೇಬೇಕು, ಬೇರು ಒಳಗಿದೆ, ಮೊದಲೇ ಹೇಳಿರಲಿಲ್ಲವಾ ಎಂದು ಸಮಾಧಾನ ಮಾಡಿದೆ. ಫೋನಿಟ್ಟ ಮೇಲೆ ಮನಸ್ಸಿಗೆ ಒಂದು ಯೋಚನೆ ಬಂತು: ಅವು ಚಿಗುರದೇ ಇದ್ದರೆ? ಸುಟ್ಟ ಚರ್ಮ, ಹಿಡಿಯಲಿಲ್ಲ ಎಂದು ಎಲ್ಲರೂ ಸುಮ್ಮನಾಗುತ್ತಾರೆ.

ಛೀ. ಇಂಥ ಯೋಚನೆ ಬಂದ ಹೆಂಗಸು ನಾನೇನಾ? ಕೊಳಾಯಿಯಲ್ಲಿ ನೀರಿರಲಿಲ್ಲ. ಬಿಂದಿಗೆಯ ನೀರಿನಲ್ಲೇ ಮುಖ ತೊಳೆದು ಬಂದು ಕೂತೆ.

೩ ಮೇ, ಸೋಮವಾರ

ಇವರು ಈ ಡೈರಿಯನ್ನು ಓದುವುದಿಲ್ಲ, ಆದರೆ ದೂರದಿಂದ ನೋಡಿದ್ದಾರೆ. "ಏನೇ, ನಿನ್ನ ಅಕ್ಷರ ದೋಸೆ ಅಗಲ ಆಗಿದ್ಯಲ್ಲ, ಎದುರು ಮನೆಯವರಿಗೂ ಓದಕ್ಕೆ ಬರ್ಲಿ ಅಂತಾನಾ?" ಎಂದರು. ನಗು ಬರಲಿಲ್ಲ. ಅಳು ಬಂತು. ಎಲ್ಲ ಹೇಳಿಬಿಟ್ಟೆ.

ಇವರು ಕಾಫಿ ಕುಡಿ ಎನ್ನಲಿಲ್ಲ. ಎದ್ದು ಚಪ್ಪಲಿ ಮೆಟ್ಟಿದರು. ಕನ್ನಡಕದ ಅಂಗಡಿಗೆ ಇಬ್ಬರೂ ನಡೆದುಕೊಂಡೇ ಹೋದೆವು. ದಾರಿಯಲ್ಲಿ ಒಂದೇ ಮಾತು: "ಆ ಹುಡುಗಿಗೆ ಮೊದ್ಲು ನೀನೇ ಹೇಳ್ಬೇಕು ಕಲಾ. ಕನ್ನಡಿ ಹೇಳಬಾರ್ದು."

೧೮ ಜೂನ್, ಶುಕ್ರವಾರ

ಮೇ ತಿಂಗಳಿಡೀ ಹೇಳುತ್ತೇನೆ ಹೇಳುತ್ತೇನೆ ಎಂದು ಕಳೆದೆ. ಕನ್ನಡಕ ಮನೆಯಲ್ಲಿ ಮಾತ್ರ ಹಾಕುತ್ತೇನೆ. ಅಕ್ಕಿಯಲ್ಲಿ ಇಷ್ಟು ಕಲ್ಲಿರುತ್ತಿತ್ತೆಂದು ಗೊತ್ತಿರಲಿಲ್ಲ. ಇವರು ಪಾಪ, ಒಂದು ಮಾತೂ ಆಡದೆ ಎಷ್ಟು ದಿನ ತಿಂದರೋ.

ಇಂದು ಸೌಕಾರ್‌ಪೇಟೆಯ ಒಬ್ಬ ಸೇಟುವಿನ ತಲೆ. ಸಾವಿರದ ಇನ್ನೂರು ಬೇರು. ನಾನು ಸೀಳುತ್ತ ಹೋದೆ, ಪಾವನಾ ಮಧ್ಯೆ ಬಂದು ಒಂದು ಕಣ್ಣು ಹಾಕುತ್ತ ಹೋದಳು. ಅವಳು ನಿಧಾನವೆಂದು ಈಗ ಅನ್ನಿಸುವುದಿಲ್ಲ, ಕೈ ಪಳಗಿರಬೇಕು. ಮಧ್ಯಾಹ್ನ ಇಬ್ಬರೂ ಅವಳ ಚಿತ್ರಾನ್ನ ಹಂಚಿಕೊಂಡೆವು.

೨೬ ಜುಲೈ, ಸೋಮವಾರ

ನಾಡಿದ್ದು ವಿಮಲಾಳ ನಾಲ್ಕು ತಿಂಗಳ ತಪಾಸಣೆ. ಏನೋ ಸಣ್ಣಗೆ ಚುಚ್ಚುತ್ತದೆ ಅಕ್ಕಾ, ಚಿಗುರಿರಬೇಕು ಎಂದು ಫೋನಿನಲ್ಲಿ ಕುಣಿದಳು. ಅವಳು ನೋಡಿಕೊಂಡಿಲ್ಲವಂತೆ. ನಾವೇ ಮೊದಲು ನೋಡಬೇಕೆಂದು ಕನ್ನಡಿಗೆ ಟವೆಲು ಕಟ್ಟಿದ್ದಾಳಂತೆ.

ನಾಡಿದ್ದು ಬೆಳಗ್ಗೆ, ಅವಳು ಬರುವ ಮುಂಚೆ, ಡಾಕ್ಟರಿಗೆ ಹೇಳುತ್ತೇನೆ. ಕೆಲಸ ಹೋದರೆ ಹೋಗಲಿ.

೨೮ ಜುಲೈ, ಬುಧವಾರ

ಹೇಗೆ ಬರೆಯಲಿ? ಆದ ಹಾಗೆಯೇ ಬರೆಯುತ್ತೇನೆ.

ಎಂಟು ಗಂಟೆಗೆ ಡಾಕ್ಟರ ಕೋಣೆಗೆ ಹೋಗಿ ನಿಂತುಕೊಂಡೇ ಹೇಳಿದೆ. ಕಣ್ಣು ಮಂದವಾಗಿದ್ದು, ಮುಚ್ಚಿಟ್ಟದ್ದು, ಹನ್ನೊಂದಕ್ಕೆ ಹನ್ನೊಂದೂ ಜೋಡಿ ಬಂದದ್ದು, ನಾಲ್ಕು ತಿಂಗಳು ಬಾಯಿ ಬಿಡದೆ ಇದ್ದದ್ದು. ಡಾಕ್ಟರ ಮುಖ ಕಪ್ಪಾಯಿತು. ನೆಟ್ಟವಳನ್ನೂ ಕೇಳಬೇಕು ಎಂದು ಪಾವನಾಳನ್ನು ಕರೆದರು.

ನಾನು ಹೇಳಿದ್ದನ್ನೆಲ್ಲ ಕೇಳಿ ಪಾವನಾ ಬಾಯಿಗೆ ಸೆರಗು ಒತ್ತಿಕೊಂಡಳು.

"ಅಯ್ಯೋ ಅಕ್ಕಾ, ಆ ಹನ್ನೊಂದನ್ನ ಆರಿಸಿ ಬದಿಗಿಟ್ಟಿದ್ದೇ ನಾನು!"

ನನಗೆ ಅರ್ಥವಾಗಲಿಲ್ಲ. ಅವಳು ಇನ್ನೊಮ್ಮೆ ಹೇಳಿದಳು. ನನ್ನ ಒಂಟಿ ಬಟ್ಟಲಿನಲ್ಲಿ ಜೋಡಿಗಳು ಸೇರಿಕೊಳ್ಳುವುದು ಅವಳಿಗೆ ಸೇರಿದ ತಿಂಗಳಲ್ಲೇ ಗೊತ್ತಾಗಿತ್ತಂತೆ. ಅದಕ್ಕೇ ಒಂದೊಂದನ್ನೂ ದೀಪಕ್ಕೆ ಹಿಡಿಯುತ್ತಿದ್ದದ್ದು. ವಿಮಲಾಳ ಕೂದಲು ತೀರ ನಯವಾದ್ದರಿಂದ ದೀಪ ಸಾಲದೆ ಮೈಕ್ರೋಸ್ಕೋಪಿನ ಹತ್ತಿರ ಹೋಗಿದ್ದು. ಒಂಟಿಯವನ್ನು ನೆಟ್ಟು, ಜೋಡಿಗಳನ್ನು ಬಟ್ಟಲಿನ ಅಂಚಿಗೆ ಸರಿಸಿಟ್ಟಿದ್ದಳು. ಎಲ್ಲ ಜೋಡಿಯೇ ಉಳಿದಿದ್ದು ಅದಕ್ಕೆ.

"ನನಗ್ಯಾಕಮ್ಮಾ ಹೇಳ್ಲಿಲ್ಲ?"

"ಆಟದ ಸಾಮಾನಾ ಅಂದ್ರಲ್ಲಾ ಅಕ್ಕಾ ನೀವು. ಹೆದ್ರಿಕೆ ಆಯ್ತು. ಡಾಕ್ಟ್ರ ಮುಂದೆ ಹೇಳಿದ್ರೆ ನಿಮ್ಗೆ ಅವಮಾನ. ನೀವೇ ನೋಡ್ಕೊಳ್ಳಿ ಅಂತ ಅಂಚಲ್ಲಿ ಬಿಟ್ಟೆ. ನೀವೂ ನೋಡಿದ್ರಿ, ಹತ್ತು ದಿನಕ್ಕೆ ಮೈಕ್ರೋಸ್ಕೋಪಿಗೆ ಕೂತ್ರಿ, ಅರ್ಥ ಆಯ್ತು ಅಂದ್ಕೊಂಡೆ."

ನಿಧಾನವೆಂದು ಬೈಸಿಕೊಂಡಳು, ಅದರಿಂದ ನನಗೆ ಸಮಾಧಾನವಾಯಿತೆಂದು ಇದೇ ಡೈರಿಯಲ್ಲಿ ಬರೆದಿದ್ದೇನೆ. ಆ ಸಾಲನ್ನು ಹೊಡೆದುಹಾಕುವುದಿಲ್ಲ. ಇರಲಿ.

ಡಾಕ್ಟರು ಮೇಜಿನ ಮೇಲೆ ಕೈಯೂರಿ, "ಇಬ್ಬರೂ ಸೇರಿ ನನ್ನ ಆಯುಸ್ಸು ಐದು ವರ್ಷ ಕಡಿಮೆ ಮಾಡಿದಿರಿ" ಎಂದರು. ಡಿಸೆಂಬರಿಗೆ ಮುಂಚೆ, ಪಾವನಾ ಸೇರುವ ಮೊದಲು ಬಂದವರ ಫೋಟೋಗಳನ್ನೆಲ್ಲ ತೆಗೆಸಿ ಒಂದೊಂದಾಗಿ ನೋಡಿದರು, ನಾನೂ ನೋಡಿದೆ, ಕನ್ನಡಕ ಹಾಕಿಕೊಂಡೇ. ಒಬ್ಬರ ಹಣೆಯಲ್ಲಿ ಮಾತ್ರ ನಾಲ್ಕೈದು ಕಡೆ ಅನುಮಾನ. ಅವರನ್ನು ಕರೆಸಿ, ಆ ಜೋಡಿಗಳ ಮುಂದೆ ಒಂಟಿ ಕೂದಲು ನೆಟ್ಟು ಮರೆಮಾಡಬಹುದಂತೆ. ನಾಳೆ ನಾನೇ ಫೋನು ಮಾಡುತ್ತೇನೆ. ನನ್ನ ಕೆಲಸ ಹೋಗಲಿಲ್ಲ. ಇನ್ನು ಮುಂದೆ ಪ್ರತಿ ಬಟ್ಟಲನ್ನೂ ಇಬ್ಬರು ನೋಡದೆ ನೆಡುವಂತಿಲ್ಲ, ಅಷ್ಟೆ.

ಹತ್ತು ಗಂಟೆಗೆ ವಿಮಲಾ ಬಂದಳು. ಪಿನ್ನು ನಾನೇ ತೆಗೆದೆ. ಹೊಳೆಯುವ ಚರ್ಮದ ಮೇಲೆ ಸಣ್ಣ ಸಣ್ಣ ಕೂದಲು, ಇರುವೆ ಸಾಲಿನಷ್ಟು ತೆಳ್ಳಗೆ, ಒಂದೊಂದೂ ಒಂಟಿಯಾಗಿ ಎದ್ದಿತ್ತು. ಭೂತಗನ್ನಡಿ ಹಿಡಿದು ಅಂಚಿನ ಕೊನೆಯದರವರೆಗೂ ನೋಡಿದೆ. ಒಂದು ಜೋಡಿಯೂ ಇರಲಿಲ್ಲ.

ಅವಳಿಗೂ ಹೇಳಿದೆ. ಹೇಳದೆ ಹೇಗಿರಲಿ? ಅವಳು ಪಾವನಾಳನ್ನು ತೋರಿಸಿ ಕೇಳಿದಳು.

"ಅಂದ್ರೆ ಇವ್ರು ನೋಡ್ದೇ ಇದ್ದಿದ್ರೆ?"

"ನಿನ್ನ ಹಣೆ ಕೆಡ್ತಿತ್ತಮ್ಮಾ. ನನ್ನಿಂದ."

ಅವಳು ಪಾವನಾಳ ಕೈ ಹಿಡಿದುಕೊಂಡಳು. ನನ್ನ ಕೈ ಹಿಡಿಯಲಿಲ್ಲ. ಹಿಡಿಯಬೇಕಾಗಿಯೂ ಇರಲಿಲ್ಲ. ಹೋಗುವಾಗ ಬಾಗಿಲಲ್ಲಿ ತಿರುಗಿ, "ಕನ್ನಡಕ ನಿಮ್ಗೆ ಚೆನ್ನಾಗಿದೆ ಅಕ್ಕಾ, ತೆಗೀಬೇಡಿ" ಎಂದಳು. ಅಷ್ಟು ಸಾಕಾಯಿತು ನನಗೆ. ಬಚ್ಚಲಿಗೆ ಹೋಗಿ ಹೊಟ್ಟೆ ತುಂಬ ಅತ್ತು ಬಂದೆ, ನಾಲ್ಕು ತಿಂಗಳಿನದೂ ಸೇರಿಸಿ.

ಮನೆಗೆ ಬಂದು ಇವರಿಗೆ ಹೇಳಿದೆ. ಪೂರ್ತಿ ಕೇಳಿ, "ಈಗ ಕಾಫಿ ಕುಡಿ" ಎಂದರು. ಎರಡು ಲೋಟ ಕುಡಿದೆ.

೨೨ ಸೆಪ್ಟೆಂಬರ್, ಬುಧವಾರ

ಡೈರಿಯನ್ನೇ ಮರೆತಿದ್ದೆ. ಹುಡುಕಿದಾಗ ಮತ್ತೆ ಟಿ.ವಿ. ಮೇಲೆ ಸಿಕ್ಕಿತು. ಮಾರ್ಚ್ ತಿಂಗಳ ಅಕ್ಷರ ನೋಡಿ ನನಗೇ ನಗು ಬಂತು. ಈಗ ಒಂದು ಪುಟದಲ್ಲಿ ಎರಡು ಪುಟದ್ದು ಹಿಡಿಸುತ್ತದೆ.

ಬೆಳಗ್ಗೆ ಪಾವನಾ ಸೀಳಿದ ಒಂಟಿ ಬಟ್ಟಲನ್ನು ನಾನು ನೋಡಿದೆ. ಅವಳೂ ಸೀಳುವುದನ್ನು ಕಲಿಯುತ್ತಿದ್ದಾಳೆ. ನೂರಕ್ಕೆ ಒಂದು ಜೋಡಿ ಸಿಕ್ಕಿತು. ಅಂಚಿಗೆ ಸರಿಸಿ ಸುಮ್ಮನಿರುವ ಬುದ್ಧಿ ನನಗಿಲ್ಲವಲ್ಲ, "ಪಾವನಾ, ಒಂದು ಸಿಕ್ತು ಬಾರಮ್ಮಾ!" ಎಂದು ಆಪರೇಷನ್ ಥಿಯೇಟರಿಗೆಲ್ಲ ಕೇಳುವ ಹಾಗೆ ಕೂಗಿದೆ. ಅವಳು ಓಡಿಬಂದು ನೋಡಿ, ತಲೆ ಚಚ್ಚಿಕೊಂಡು ನಕ್ಕಳು. ಮಲಗಿದ್ದ ಪೇಷೆಂಟು ಗಾಬರಿಯಾಗಿ ಏನು ಸಿಕ್ಕಿತೆಂದು ಕೇಳಿದರು.

ಹನ್ನೊಂದಕ್ಕೆ ವಿಮಲಾ ಬಂದಳು. ಪಿನ್ನಿಲ್ಲ. ಕೂದಲನ್ನು ಹಿಂದಕ್ಕೆ ಎಳೆದು, ಬಿಗಿಯಾಗಿ ಒಂದು ಜಡೆ ಹಾಕಿ, ಮಲ್ಲಿಗೆ ಮುಡಿದಿದ್ದಳು. ಎಡಗಡೆ ಹೊಸ ಕೂದಲು ಇನ್ನೂ ಜಡೆಗೆ ಸೇರುವಷ್ಟು ಉದ್ದವಾಗಿಲ್ಲ, ಹಣೆಯ ಮೇಲೆ ಪುಟ್ಟ ಮಕ್ಕಳ ಕೂದಲಿನಂತೆ ಹಾರಾಡುತ್ತಿತ್ತು. ಬಿಸಿಲಿನಲ್ಲಿ ಬಂದು ಮುಖವೆಲ್ಲ ಕೆಂಪಾಗಿತ್ತು. ಕೂರುವ ಮೊದಲೇ ನನ್ನ ಎರಡೂ ಕೈ ಹಿಡಿದುಕೊಂಡಳು.

"ವೇಲಚೇರಿಯಿಂದ ಇಲ್ಲೀವರ್ಗೂ ಕಿಟಕಿ ಪಕ್ಕನೇ ಕೂತಿದ್ದೆ ಅಕ್ಕಾ. ಒಬ್ಬಜ್ಜಿ ಗಾಳಿ ಜಾಸ್ತಿ, ಕಿಟಕಿ ಮುಚ್ಚಮ್ಮಾ ಅಂದ್ರು. ಆಗಲ್ಲ ಅಂದ್ಬಿಟ್ಟೆ."